ಮೂರನೇ ಸಿಲಿಂಡರಿನ ಸದ್ದು

ಬೆರಳು ಈಗ ಸುಳ್ಳು ಹೇಳುತ್ತಿದೆಯೋ, ಇಲ್ಲ ಹೋದ ತಿಂಗಳು ಹೇಳಿತ್ತೋ? ಎರಡರಲ್ಲೊಂದು ಸುಳ್ಳಾಗಲೇಬೇಕು. ಹೋದ ತಿಂಗಳು ಇದೇ ವಾಲ್ವ್‌ನ ಮುಂದೆ ಇದೇ ಬೆರಳುಗಳು ಸರಿಯಾಗಿದೆ ಎಂದಿದ್ದವು. ಈಗ ಅವೇ ಸಡಿಲ ಎನ್ನುತ್ತಿವೆ. ಅದರ ಹಿಂದಿನ ತಿಂಗಳೂ ಹೀಗೇ ಆಗಿತ್ತು. ಒಂದು ಸಲವಾದರೆ ತಪ್ಪನ್ನು ಕಬ್ಬಿಣದ ಮೇಲೆ ಹಾಕಬಹುದು. ಮತ್ತೆ ಮತ್ತೆ ಆದರೆ ಯಾರ ಮೇಲೆ ಹಾಕುವುದು?

ಅವನು ಸಂದಿ ಅಳೆಯುವ ಫೀಲರ್ ಗೇಜಿನ ತೆಳು ತಗಡನ್ನು ಇನ್ನೊಮ್ಮೆ ಸಂದಿಗೆ ತೂರಿಸಿದ. ಅರ್ಧ ತೆರೆದ ಬಾಗಿಲಲ್ಲಿ ಬೆಕ್ಕು ನುಸುಳಿದ ಹಾಗೆ ತಗಡು ಯಾರನ್ನೂ ಕೇಳದೆ ಆಚೆ ಹೋಯಿತು.

"ಏನಂತೆ ಮೇಷ್ಟ್ರೇ? ಹಲ್ಲು ಅಲ್ಲಾಡ್ತಿದೆಯಾ?"

ಮಾತು ಬಂದದ್ದು ಬಾನೆಟ್ಟಿನ ಆಚೆಯಿಂದ. ಎರಡೇ ಸೀಟಿನ, ಮಾಸಿದ ಹಸಿರು ಬಣ್ಣದ ಆ ಹಳೆಯ ಕಾರಿನ ಬಾನೆಟ್ಟು ಮುಂದಕ್ಕೆ ತೆರೆದುಕೊಂಡು ಗೋಡೆಯ ಹಾಗೆ ನಿಲ್ಲುತ್ತಿತ್ತು. ಅದರ ಆ ಕಡೆ ಮೋಟು ಸ್ಟೂಲಿನ ಮೇಲೆ ಕೂತು, ಬಂಪರಿನ ಕೆಳಗೆ ಕೈ ತೂರಿಸಿ, ಉದ್ದ ಸ್ಪ್ಯಾನರಿನಿಂದ ಅವಳು ಇಂಜಿನ್ನನ್ನು ಕೈಯಲ್ಲೇ ತಿರುಗಿಸುತ್ತಿದ್ದಳು. ಈ ಕಡೆಯಿಂದ ಅವನು 'ಬರಲಿ' ಎಂದರೆ ತಿರುಗಿಸಬೇಕು, 'ಸಾಕು' ಎಂದರೆ ನಿಲ್ಲಿಸಬೇಕು. ಅವನಿಗೆ ಕಾಣುತ್ತಿದ್ದುದು ಅವಳ ಷೂಗಳ ತುದಿ ಮಾತ್ರ.

"ಸ್ವಲ್ಪ," ಎಂದ.

"ಯಾವುದು?"

"ಮೂರನೇ ಸಿಲಿಂಡರ್. ಎಕ್ಸಾಸ್ಟ್ ವಾಲ್ವ್."

"ಮತ್ತೆ ಅದೇನಾ? ಹಠಮಾರಿ." ಷೂಗಳ ತುದಿ ಒಂದಕ್ಕೊಂದು ತಾಗಿ ಸರಿದವು. ಅವಳು ನಗುವಾಗ ಹಾಗೆ ಆಗುತ್ತದೆ ಎಂಬುದು ಅವನಿಗೆ ಈಗ ಗೊತ್ತು.

ಅವನು ನಗಲಿಲ್ಲ.

ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ತಿಂಗಳಿಗೊಂದು ಟ್ರ್ಯಾಕ್ ಡೇ. ಪಂದ್ಯವಿಲ್ಲ, ಬಹುಮಾನವಿಲ್ಲ. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಆ ದಿನ ಬಂದು ಮನಸ್ಸು ತಣಿಯುವಷ್ಟು ಓಡಿಸಿಕೊಂಡು ಹೋಗುತ್ತಾರೆ. ಅಂಥ ಕಾರುಗಳ ವಾಲ್ವ್ ಹೊಂದಿಸುವುದೇ ಅವನ ವರ್ಕ್‌ಶಾಪಿನ ಕೆಲಸ. ಬಿಸಿಯಾದಾಗ ಕಬ್ಬಿಣ ಹಿಗ್ಗುತ್ತದೆ. ಆ ಹಿಗ್ಗಿಗೆಂದು ಪ್ರತಿ ವಾಲ್ವ್‌ನ ತಲೆಯ ಮೇಲೆ ಕೂದಲೆಳೆಯಷ್ಟು ಜಾಗ ಬಿಡಬೇಕು. ಸ್ಕ್ರೂ ತಿರುಗಿಸಿ ಆ ಜಾಗವನ್ನು ಅಳೆದು, ಸ್ಕ್ರೂ ಮತ್ತೆ ಅಲುಗದಂತೆ ಲಾಕ್ ನಟ್ ಬಿಗಿಯಬೇಕು. ಇಷ್ಟೇ ಕೆಲಸ. ಈ ಕೆಲಸಕ್ಕೆ ಟ್ಯಾಪೆಟ್ ಕೂರಿಸುವುದು ಎಂದು ಹೆಸರು, ಹಾಗಾಗಿ ಟ್ರ್ಯಾಕಿನವರು ಅವನನ್ನು ಟ್ಯಾಪೆಟ್ ಮೇಷ್ಟ್ರು ಎನ್ನುತ್ತಿದ್ದರು.

ಅವಳು ಹಲ್ಲಿನ ಡಾಕ್ಟರು. ಇಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಅಳತೆ ನೋಡಬೇಕಾದ್ದರಿಂದ ಹಿಂದಿನ ಸಂಜೆಯೇ ಕಾರು ಬಿಟ್ಟುಹೋಗಿ, ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲು ಬರುತ್ತಿದ್ದಳು. ಇಂಜಿನ್ ತಿರುಗಿಸುವುದಕ್ಕೆ ಅವನಿಗೆ ಜನ ಬೇಕಿರಲಿಲ್ಲ, ಇಷ್ಟು ವರ್ಷ ಒಬ್ಬನೇ ಮಾಡಿಕೊಂಡಿದ್ದ. ಮೊದಲ ಸಲ ಅವಳೇ ಸ್ಟೂಲು ಎಳೆದುಕೊಂಡು ಕೂತಿದ್ದಳು. ಎರಡನೇ ಸಲ ಅವಳು ಬರುವ ಮೊದಲೇ ಅವನು ಸ್ಟೂಲನ್ನು ಒರೆಸಿ ಇಟ್ಟಿದ್ದ.

"ದಿನವಿಡೀ ಬೇರೆಯವರ ಬಾಯೊಳಗೆ ನೋಡ್ತಾ ಇರ್ತೀನಿ," ಎಂದಿದ್ದಳು, ಈ ಹುಚ್ಚು ಯಾಕೆ ಎಂದು ಅವನ ಅಕ್ಕ ಕೇಳಿದಾಗ. "ತಿಂಗಳಿಗೊಂದು ದಿನ ದೂರ ನೋಡ್ಬೇಕು ಅನ್ಸುತ್ತೆ."

ಅಕ್ಕ ವರ್ಕ್‌ಶಾಪಿನ ಮುಂದಿನ ಕೋಣೆಯ ಒಡತಿ. ಫೋನು, ಬಿಡಿಭಾಗ, ಗಿರಾಕಿ, ತಮ್ಮ, ಎಲ್ಲ ಅವಳ ಸುಪರ್ದಿನಲ್ಲಿತ್ತು. ಈಗ ಟೀ ಹಿಡಿದು ಬಂದವಳು ತಮ್ಮನ ಮುಖ ನೋಡಿ, "ಏನೋ ಇದು, ಸೋರೆಕಾಯಿ ಹಾಗೆ ಜೋತುಬಿದ್ದಿದೆ?" ಎಂದಳು. ಅವನು ಗೇಜಿನ ತಗಡು ಒರೆಸಿದ. ಬಾನೆಟ್ಟಿನ ಆ ಕಡೆಗೆ ಬಗ್ಗಿ, "ಡಾಕ್ಟ್ರೇ, ಇವನದೊಂದು ಹಲ್ಲು ಕಿತ್ತುಬಿಡಿ. ಆಗಲಾದ್ರೂ ಬಾಯಿ ತೆಗೀತಾನೇನೋ ನೋಡೋಣ," ಎಂದಳು.

"ಕೀಳ್ಬೇಕು ಅಂದ್ರೆ ಮೊದಲು ತೆಗೀಬೇಕಲ್ಲ ಅಕ್ಕ, ಬಾಯಿ."

"ಅದೂ ನಿಜ. ಇದಕ್ಕೆ ಹುಟ್ಟುವಾಗಲೇ ಲಾಕ್ ನಟ್ ಹಾಕಿ ಕಳಿಸಿದಾರೆ."

ಡಾಕ್ಟರು ಸ್ಟೂಲಿನಿಂದ ಎದ್ದು ಈ ಕಡೆ ಬಂದಳು. ಕೆನ್ನೆಯ ಮೇಲೆ ಗ್ರೀಸಿನ ಒಂದು ಗೀರು. ಟೀ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಅವನು ಮೊದಲ ಗುಟುಕು ಕುಡಿಯುವುದನ್ನೇ ನೋಡಿದಳು.

"ಎಡಗಡೆ, ಕೆಳಗಿನ ಸಾಲು, ಹಿಂದಿನಿಂದ ಎರಡನೇದು."

"ಏನು?"

"ಬಿಸಿ ತಾಗಿದ ತಕ್ಷಣ ಆ ಕಡೆ ಕಣ್ಣು ಕಿರಿದು ಮಾಡ್ತೀರಿ. ಮೊದಲನೇ ದಿನದಿಂದ ನೋಡ್ತಿದೀನಿ. ಬನ್ನಿ ಒಂದಿನ ಕ್ಲಿನಿಕ್‌ಗೆ. ನೋವು ಮಾಡಲ್ಲ."

"ಎಲ್ಲಾ ಡಾಕ್ಟರೂ ಹಾಗೇ ಹೇಳ್ತಾರೆ."

"ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸಿಬಿಡ್ತೀನಿ. ನಮ್ಮಲ್ಲಿ ಅದೇ ನಿಯಮ. ಬಾಯಿ ತುಂಬ ಸಾಮಾನಿರುವಾಗ ಮಾತಾಡೋಕೆ ಆಗಲ್ವಲ್ಲ." ತಲೆ ಓರೆ ಮಾಡಿ ಸೇರಿಸಿದಳು, "ಕೆಲವರಿಗೆ ಬಾಯಿ ಖಾಲಿ ಇದ್ರೂ ಆಗಲ್ಲ."

ಅವನು ಲೋಟದೊಳಗೆ ನೋಡಿದ.

*

ಮೂರನೇ ಸಿಲಿಂಡರಿನ ಆ ವಾಲ್ವ್‌ಗೆ ಒಂದು ಚರಿತ್ರೆಯಿತ್ತು.

ಅವಳು ಬಂದ ಎರಡನೇ ಸಲ, "ಒಂದೇ ಒಂದು ನಾನು ಮಾಡ್ಲಾ?" ಎಂದು ಕೇಳಿದ್ದಳು. ಅವನು ಮೂರನೇದನ್ನು ತೋರಿಸಿ, ಯಾರಿಗೂ ಕೊಡದ ಗೇಜನ್ನು ಅವಳ ಕೈಗಿಟ್ಟಿದ್ದ.

"ನಮ್ಮಪ್ಪ ಹೇಳೋರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರಬೇಕು ಅಂತ," ಎಂದ. "ಕೂದಲೂ ಬರಬೇಕು, ಬಂದದ್ದು ಬೆಣ್ಣೆಗೂ ಗೊತ್ತಾಗಬೇಕು."

ಅವಳು ಕಣ್ಣು ಮುಚ್ಚಿ ತಗಡನ್ನು ಎಳೆದಳು. ಹಲ್ಲು ತುಂಬಿದ ಮೇಲೆ ಕಚ್ಚುವುದು ಸರಿಯಿದೆಯೇ ಎಂದು ಅವಳೂ ತೆಳು ಹಾಳೆ ಎಳೆದು ನೋಡುವವಳೇ, ಬೆರಳಿಗೆ ಅಭ್ಯಾಸವಿತ್ತು. ಆದರೆ ಸ್ಕ್ರೂ ಅಲುಗದಂತೆ ಹಿಡಿದು ಅದೇ ಹೊತ್ತಿಗೆ ನಟ್ ಬಿಗಿಯುವುದು ಕಷ್ಟ. ಸ್ಕ್ರೂ ಜಾರಿತು. ಅವನು ತನ್ನ ಕೈಯನ್ನು ಅವಳ ಕೈ ಮೇಲಿಟ್ಟು ಹಿಡಿದ. ನಟ್ ಬಿಗಿಯಾಯಿತು. ಕೈ ತೆಗೆಯುವುದಕ್ಕೆ ಇಬ್ಬರಿಗೂ ಅವಸರವಿರಲಿಲ್ಲ.

"ತಪ್ಪಿದ್ರೆ ಏನಾಗುತ್ತೆ?" ಕಣ್ಣು ತೆರೆಯದೆ ಕೇಳಿದಳು.

"ಸಡಿಲವಾದ್ರೆ ಟಕಟಕ ಅಂತ ಸದ್ದು ಮಾಡುತ್ತೆ. ಅದಕ್ಕೆ ಹೆದರಬೇಕಾಗಿಲ್ಲ, ನಟ್ ಗಟ್ಟಿಯಿದ್ರೆ ಸಾಕು. ಬಿಗಿಯಾದ್ರೆ ಮಾತ್ರ ಕಷ್ಟ. ಸುಮ್ಮನಿರುತ್ತೆ. ಸುಮ್ಮನಿದ್ದೇ ಸುಟ್ಟುಹೋಗುತ್ತೆ."

ಅವಳು ಬ್ಯಾಗಿನಿಂದ ಒಂದು ಪುಟ್ಟ ಕನ್ನಡಿ ತೆಗೆದುಕೊಟ್ಟದ್ದು ಅಂದೇ. ಬಾಯೊಳಗೆ ನೋಡುವ, ಉದ್ದ ಕಡ್ಡಿಯ ತುದಿಯಲ್ಲಿ ನಾಣ್ಯದಷ್ಟೇ ಗಾತ್ರದ ಕನ್ನಡಿ. "ಹಿಂದಿನ ಸಾಲು ನೋಡೋಕೆ ಕತ್ತು ಮುರ್ಕೋತೀರಲ್ಲ, ಇದನ್ನ ಇಟ್ಕೊಳ್ಳಿ." ಅವನು ಅದನ್ನು ವಾಲ್ವ್ ಒತ್ತುವ ರಾಕರುಗಳ ಹಿಂದೆ ಹಿಡಿದು ತಿರುಗಿಸಿದ. ಕನ್ನಡಿಯಲ್ಲಿ ಕಬ್ಬಿಣದ ಬದಲು ಒಂದು ಕಣ್ಣು ಬಂತು. ಅದು ಇಂಜಿನ್ನನ್ನು ನೋಡುತ್ತಿರಲಿಲ್ಲ. ಕನ್ನಡಿ ಅಲ್ಲೇ ನಿಂತಿತು. ಕಣ್ಣೂ ನಿಂತಿತು. ಮೊದಲು ರೆಪ್ಪೆ ಬಡಿದದ್ದು ಅವನು.

ಆಮೇಲೆ ಅವನೇ ಪೆದ್ದನ ಹಾಗೆ, "ಇನ್ನು ಆರು ತಿಂಗಳು ನೀವು ಬರಬೇಕಾಗಿಲ್ಲ ಡಾಕ್ಟ್ರೇ. ಇಂಜಿನ್ ಅಳತೆ ಹಿಡ್ಕೊಂಡು ಕೂತಿದೆ," ಎಂದಿದ್ದ. ನಿಜವನ್ನೇ ಹೇಳಿದ್ದ. ಅವಳು "ಓ, ಹೌದಾ" ಎಂದು ಹೋಗಿದ್ದಳು.

ಮುಂದಿನ ತಿಂಗಳೇ ಮತ್ತೆ ಬಂದಳು. "ಏನೋ ಟಕಟಕ ಅಂತಿದೆ ಮೇಷ್ಟ್ರೇ." ತೆರೆದು ನೋಡಿದರೆ ಮೂರನೇದು ಸಡಿಲ. ಅದರ ಮುಂದಿನ ತಿಂಗಳೂ ಅದೇ. ಈ ದಿನವೂ ಅದೇ. ಪ್ರತಿ ಸಲವೂ ಲಾಕ್ ನಟ್ ಗಟ್ಟಿಯಾಗಿತ್ತು. ತಾನಾಗಿ ಸಡಿಲಗೊಂಡದ್ದಾದರೆ ನಟ್ ಕೂಡ ಸಡಿಲವಿರಬೇಕು. ನಟ್ ಗಟ್ಟಿಯಿದ್ದು ಅಳತೆ ತಪ್ಪಿದೆ ಎಂದರೆ, ಅಳತೆ ಹಿಡಿದ ಕೈಯೇ ತಪ್ಪಿದೆ.

ಅವನಿಗೆ ಬೇರೆ ಅರ್ಥ ಹೊಳೆಯಲಿಲ್ಲ. ಹೊಳೆಯದಿರುವುದಕ್ಕೆ ಕಾರಣ ಅಪ್ಪ.

ಅಪ್ಪನ ಕೈಯೂ ಇದೇ ಕೆಲಸದ್ದು. ಕೊನೆಯ ವರ್ಷಗಳಲ್ಲಿ ಬೆರಳ ತುದಿಗಳು ಮರಗಟ್ಟುತ್ತ ಬಂದವು. ಅಪ್ಪ ಯಾರಿಗೂ ಹೇಳಲಿಲ್ಲ. ಕಣ್ಣಿನಿಂದ, ಅಭ್ಯಾಸದಿಂದ, ಹುಸಿ ಧೈರ್ಯದಿಂದ ಕೆಲಸ ನಡೆಸಿದ. ಒಂದು ಟ್ರ್ಯಾಕ್ ಡೇಯಂದು ಅಪ್ಪ ಬಿಗಿದ ನಟ್ ಓಟದಲ್ಲೇ ಕಳಚಿ, ಇಂಜಿನ್ ಒಡೆದು, ಎಣ್ಣೆ ಟೈರಿಗೆ ಚೆಲ್ಲಿ ಕಾರು ಗೋಡೆಗೆ ಹೊಡೆಯಿತು. ಓಡಿಸುತ್ತಿದ್ದವನು ಬದುಕಿದ. ಎಡಗಾಲು ಉಳಿಯಲಿಲ್ಲ. ಆಮೇಲೆ ಅಪ್ಪ ಸ್ಪ್ಯಾನರ್ ಮುಟ್ಟಲಿಲ್ಲ. ವರ್ಕ್‌ಶಾಪಿನ ಮೂಲೆಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ಕೂತ ಹುಡುಗನ ಹಾಗೆ, ಸಾಯುವವರೆಗೂ ಕೂತಿದ್ದ. ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: "ಬೆರಳು ಸುಳ್ಳು ಹೇಳೋಕೆ ಶುರು ಮಾಡಿದ ದಿನ ಬಿಟ್ಟುಬಿಡು. ಹೆಮ್ಮೆ ಮಾಡ್ಕೊಂಡು ಕೂರಬೇಡ."

ಮಗ ಈಗ ಬೆರಳುಗಳನ್ನು ಪರೀಕ್ಷೆಗೆ ಹಚ್ಚಿದ. ಊಟದ ಮೇಜಿನ ಕೆಳಗೆ ಗೇಜಿನ ತಗಡುಗಳನ್ನು ಬೆರಳಲ್ಲಿ ಸವರಿ ಯಾವುದು ಎಷ್ಟು ದಪ್ಪ ಎಂದು ಹೇಳಿಕೊಳ್ಳುವುದು, ತೆಗೆದು ನೋಡುವುದು. ಎಲ್ಲವೂ ಸರಿಯಾಗುತ್ತಿತ್ತು. ಆದರೂ ನಂಬಿಕೆ ಬರಲಿಲ್ಲ. ಪರೀಕ್ಷೆಯಲ್ಲಿ ಜಾಣನಾದವನು ಸಂಸಾರದಲ್ಲಿ ದಡ್ಡನಾಗಿರುವುದಿಲ್ಲವೇ? ಉಂಗುರ ಬೆರಳ ತುದಿಯಲ್ಲಿ ಜುಮ್ಮೆಂದಂತಾಗುತ್ತಿತ್ತು. ಆಗುತ್ತಿತ್ತೋ, ಆಗಲಿ ಎಂದು ಕಾದದ್ದಕ್ಕೆ ಆಯಿತೋ, ಗೊತ್ತಿಲ್ಲ.

"ಅನ್ನದಲ್ಲಿ ಕಲ್ಲು ಹುಡುಕ್ತಿದೀಯೇನೋ?" ಅಕ್ಕ ಗದರಿದಳು. "ಕೈ ಮೇಲಿಟ್ಟು ಉಣ್ಣು."

*

"ಈ ಸಲ ನೀವು ಬರಬೇಕು," ಎಂದಿದ್ದಳು ಅವಳು. "ಇಂಜಿನ್‌ಗೆ ಮೇಷ್ಟ್ರು, ಆದ್ರೆ ಅದು ಪರೀಕ್ಷೆ ಬರೆಯೋದನ್ನ ಒಂದು ದಿನವೂ ನೋಡಿಲ್ಲ."

ಅಪ್ಪನ ಕೈಯಿಂದಾದ ಆ ಅಪಘಾತದ ಮೇಲೆ ಅವನು ಟ್ರ್ಯಾಕಿಗೆ ಕಾಲಿಟ್ಟಿರಲಿಲ್ಲ. ಹೋದ.

ಬಿಸಿಲು ಹಿತವಾಗಿತ್ತು. ಡಾಂಬರಿನ ಮೇಲೆ ಟೈರುಗಳ ಕಪ್ಪು ಗೀರುಗಳು. ಅವಳು ಹೆಲ್ಮೆಟ್ ಹಾಕಿಕೊಳ್ಳುವ ಮೊದಲು ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿದಳು. ಕಿವಿಯ ಹಿಂದಿನ ಒಂದು ಎಳೆ ಮಾತ್ರ ಮಾತು ಕೇಳಲಿಲ್ಲ. ಅವನ ಕೈ ಅದರ ಕಡೆ ಹೋಗಬೇಕೆಂದುಕೊಂಡು ಜೇಬಿಗೆ ಹೋಯಿತು.

ಅವನು ಬಗ್ಗಿ ಇಂಜಿನ್ನಿಗೆ ಕಿವಿಗೊಟ್ಟ. ನಿಂತಲ್ಲೇ ಗುನುಗುತ್ತಿತ್ತು. ಟಕಟಕ ಎನ್ನುವ ಸುಳಿವೇ ಇಲ್ಲ.

"ಹೇಗಿದೆ?" ಹೆಲ್ಮೆಟ್ಟಿನೊಳಗಿಂದ ಕಣ್ಣುಗಳು ಕೇಳಿದವು.

"ಹಾಡ್ತಿದೆ," ಎಂದ. ಆ ದಿನ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅವಳು ಅದನ್ನು ಎಷ್ಟು ಹೊತ್ತು ಕಣ್ಣಲ್ಲೇ ಇಟ್ಟುಕೊಂಡಳೆಂದರೆ ಹಿಂದಿನ ಕಾರಿನವನು ಹಾರ್ನ್ ಹೊಡೆಯಬೇಕಾಯಿತು.

ಸುತ್ತುಗಳು ಸಾಗಿದವು. ಪ್ರತಿ ಸಲ ಹಸಿರು ಕಾರು ಎದುರಿನಿಂದ ಹಾದುಹೋದಾಗ ಅವನ ಎದೆಯಿಂದ ಏನೋ ಇಳಿಯುತ್ತಿತ್ತು. ತಿರುವಿನಲ್ಲಿ ಮರೆಯಾದಾಗ ಮತ್ತೆ ಏರುತ್ತಿತ್ತು. ಆಮೇಲೆ ದೂರದ ತಿರುವಿನಲ್ಲಿ ಅವಳ ಮುಂದಿದ್ದ ಕಾರು ಗಿರ್ರನೆ ತಿರುಗಿ ಮಣ್ಣಿಗೆ ಹೋಯಿತು. ಧೂಳೆದ್ದಿತು. ಧೂಳಿನೊಳಕ್ಕೆ ಹಸಿರು ಕಾರೂ ಹೋಯಿತು.

ಹೋದದ್ದು ಬರಲಿಲ್ಲ.

ಅವನು ತಡೆಗೋಡೆಯನ್ನು ಹಿಡಿದು ನಿಂತ. ನಟ್ ಬಿಗಿದಿದ್ದೆನೇ? ಬಿಗಿದಿದ್ದೆ. ಬಿಗಿದೆ ಎಂದು ಹೇಳುತ್ತಿರುವುದು ಯಾರು? ಬೆರಳು. ಬೆರಳ ಮಾತನ್ನು ನಂಬುವುದು ಹೇಗೆ?

ಧೂಳು ಹರಿದು ಹಸಿರು ಕಾರು ನಿಧಾನವಾಗಿ, ಏನೂ ಆಗದವರ ಹಾಗೆ ಹೊರಬಂತು. ಅವಳು ನಿಲ್ಲಿಸಿ ಆ ಇನ್ನೊಬ್ಬನನ್ನು ವಿಚಾರಿಸಿಕೊಂಡು ಬಂದಿದ್ದಳು, ಅಷ್ಟೇ.

"ಯಾಕೆ ಬೆಳ್ಳಗಾಗಿದೀರಿ?" ಇಳಿದವಳು ಕೇಳಿದಳು. "ನನಗೇನಾಯ್ತು ಅಂದ್ಕೊಂಡ್ರಿ?"

"ಬಿಸಿಲು," ಎಂದ.

ಅದೇ ವಾರ ಅವಳು ಕಾರು ತಂದಳು. ಮರುದಿನ ಬೆಳಿಗ್ಗೆ ವಾಲ್ವ್‌ಗಳ ಮೇಲಿನ ಕವರ್ ತೆರೆದ. ಮೂರನೇದು ಸಡಿಲ.

ಟ್ರ್ಯಾಕಿನಲ್ಲಿ ಅವನ ಕಿವಿಗೆ ಹಾಡು ಕೇಳಿಸಿತ್ತು. ಹಾಗಾದರೆ ಕಿವಿಯೂ ಹೋಯಿತು. ಬೆರಳು ಹೋಯಿತು, ಕಿವಿ ಹೋಯಿತು. ಇನ್ನು ಈ ಕೈಯಲ್ಲಿ ಅವಳ ಪ್ರಾಣವನ್ನು ಹಿಡಿದು ಕೂರುವುದು ಯಾವ ನ್ಯಾಯ?

ಅವನು ಅದನ್ನು ಸರಿಪಡಿಸಿದ. ನಟ್ಟನ್ನು ಒಂದಲ್ಲ ಹಲವು ಸಲ ಮುಟ್ಟಿ ನೋಡಿದ. ಕವರ್ ಮುಚ್ಚಿದ. ಬಾನೆಟ್ಟನ್ನು ಇಳಿಸಿದ. ನಡುವಿನ ಗೋಡೆ ಹೋದಾಗ ಅವಳು ಎದುರಿಗೇ ಇದ್ದಳು. ಸ್ಟೂಲಿನ ಮೇಲೆ, ಮೊಣಕಾಲ ಮೇಲೆ ಗಲ್ಲವಿಟ್ಟು, ಏನೋ ಕೇಳಿಸಿಕೊಳ್ಳಲು ಸಿದ್ಧಳಾದವಳ ಹಾಗೆ.

"ಮೂರನೇದು ಸಡಿಲ ಇತ್ತು ಡಾಕ್ಟ್ರೇ."

"ಹೂಂ."

"ಪ್ರತಿ ಸಲ ಅದೇ ಆಗ್ತಿದೆ."

"ಹೂಂ." ಅವಳ ತುಟಿಯ ಕೊನೆಯಲ್ಲಿ ನಗು ಇನ್ನೇನು ಬರುವುದರಲ್ಲಿತ್ತು. "ಯಾಕಿರಬಹುದು ಅಂತ ಯೋಚಿಸಿದ್ರಾ?"

"ಯೋಚಿಸ್ದೆ. ಇದು ಮುಂದುವರಿಯೋದು ಸರಿಯಲ್ಲ. ಇನ್ಮೇಲೆ ನೀವು ಬೇರೆ ಕಡೆ ತೋರಿಸಿ. ಸೇತುವೆಯ ಆಚೆ ಒಬ್ಬರಿದಾರೆ, ಒಳ್ಳೆ ಕೈ. ನಾನು ಹೇಳಿರ್ತೀನಿ."

ಬರುವುದರಲ್ಲಿದ್ದ ನಗು ಅಲ್ಲೇ ನಿಂತಿತು. ಅವಳು ಎದ್ದು ಸ್ಟೂಲನ್ನು ಗೋಡೆಗೆ ತಳ್ಳಿ ಇಟ್ಟಳು. ಕೈ ಒರೆಸಿದಳು, ಒರೆಸಿದ ಮೇಲೂ ಒರೆಸಿದಳು.

"ಖಂಡಿತವಾಗಿ ಹೇಳ್ತಿದೀರಾ?"

"ನಿಮ್ಮ ಒಳ್ಳೇದಕ್ಕೇ."

"ಸರಿ ಮೇಷ್ಟ್ರೇ," ಎಂದಳು. ಆ 'ಮೇಷ್ಟ್ರೇ'ಯಲ್ಲಿ ಈ ಸಲ ತಮಾಷೆ ಇರಲಿಲ್ಲ.

ಕಾರು ಹೋದ ಮೇಲೆ ಅಕ್ಕ ಬಾಗಿಲಲ್ಲಿ ಬಂದು ನಿಂತಳು. "ಏನಂದೆ ಆ ಹುಡುಗಿಗೆ? ಮುಖದಲ್ಲಿ ರಕ್ತವೇ ಇರಲಿಲ್ಲ."

"ಬೇರೆ ಕಡೆ ತೋರಿಸು ಅಂದೆ."

ಅಕ್ಕ ಬಯ್ಯಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು.

*

ಹೊಸ ಗಿರಾಕಿಗಳನ್ನು ಅವನು ತೆಗೆದುಕೊಳ್ಳಲಿಲ್ಲ. ಹಳಬರ ಕಾರುಗಳು, ಅವಳಿಗಿಂತ ಮುಂಚೆ, ಅವಳ ಜೊತೆಜೊತೆಗೆ ಅವನು ಹೊಂದಿಸಿದ್ದ ಕಾರುಗಳು, ವಾಡಿಕೆಯಂತೆ ಆರು ತಿಂಗಳಿಗೆ ಒಂದೊಂದಾಗಿ ಮರಳಿ ಬಂದವು. ಅವನು ಉಸಿರು ಬಿಗಿಹಿಡಿದು ಒಂದೊಂದರ ಕವರ್ ತೆರೆದ.

ಕೆಂಪು ಕಾರು, ಸರಿಯಾಗಿತ್ತು. ಬಿಳಿಯದು, ಸರಿಯಾಗಿತ್ತು. ಇಬ್ಬರು ಅಣ್ಣತಮ್ಮಂದಿರು ಜಗಳಾಡುತ್ತ ಓಡಿಸುವ ಆ ಬೂದು ಕಾರು ಕೂಡ ಇಟ್ಟ ಅಳತೆಯಲ್ಲೇ ಇತ್ತು. ಎಲ್ಲ ಕಡೆ ತಗಡು ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂತು.

ಬೆರಳು ಸುಳ್ಳು ಹೇಳಿರಲಿಲ್ಲ. ಯಾವತ್ತೂ ಹೇಳಿರಲಿಲ್ಲ. ಹಾಗಿದ್ದರೆ ಅವಳ ಕಾರಿಗೆ ಮಾತ್ರ ಏನಾಗಿತ್ತು?

ಆ ಪ್ರಶ್ನೆಯ ಹೊಸ್ತಿಲವರೆಗೆ ಅವನು ಬಂದ, ಒಳಗೆ ಕಾಲಿಡಲಿಲ್ಲ. ಹಲ್ಲುನೋವನ್ನು ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಅವಳ ಕ್ಲಿನಿಕ್ಕಿಗೆ ಹೋದ. ನೆಪವೇನು, ನೋವು ನಿಜವಾಗಿಯೇ ಇತ್ತು. ಹೊರಗಿನ ಬೆಂಚಿನಲ್ಲಿ ಕೂತ. ಅರ್ಧ ಬಾಗಿಲ ಆಚೆಯಿಂದ ಅವಳ ದನಿ ಬರುತ್ತಿತ್ತು, ಯಾರೋ ಮುದುಕಿಗೆ ಹೇಳುತ್ತಿದ್ದಳು: "ಹೆದರ್ಬೇಡಿ ಅಮ್ಮ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸಿಬಿಡ್ತೀನಿ."

ಅದೇ ಮಾತು. ಎಲ್ಲರಿಗೂ ಹೇಳುವ ಮಾತು. ಅದರಲ್ಲಿ ತನಗೆಂದು ಏನೂ ಇರಲಿಲ್ಲ ಎಂದುಕೊಂಡು ಅವನು ಎದ್ದುಬಂದ. ನೋವು ತಾಳಲಾರದೆ ಇನ್ನೊಬ್ಬ ಡಾಕ್ಟರ ಹತ್ತಿರ ಆ ಹಲ್ಲು ಕೀಳಿಸಿಕೊಂಡ.

*

ಅವಳು ಬಂದದ್ದು ಆಮೇಲೆ, ಆರು ತಿಂಗಳು ಕಳೆದು, ಹಸಿರು ಕಾರಿನ ಸಲುವಾಗಿಯೇ, ಬೆಳಗಿನ ಅದೇ ಹೊತ್ತಿಗೆ. ಹಿಂದಿನ ಸಂಜೆ ಕಾರನ್ನು ಅಕ್ಕನಿಗೆ ಒಪ್ಪಿಸಿ ಹೋಗಿದ್ದಳಂತೆ. ಅಕ್ಕ ಅವನಿಗೆ ಹೇಳಿರಲಿಲ್ಲ.

"ಕಾರು ಕೊಟ್ಟುಬಿಡ್ತಿದೀನಿ," ಎಂದಳು. "ತಗೊಳ್ಳೋರು ಟ್ಯಾಪೆಟ್ ಮೇಷ್ಟ್ರು ಒಂದ್ಸಲ ನೋಡಿ ಹೂಂ ಅನ್ನಬೇಕು ಅಂದ್ರು. ನಿಮಗೆ ಬೇಡ ಅಂದ್ರೆ..."

"ನೋಡ್ತೀನಿ."

ಸ್ಟೂಲು ಗೋಡೆಯ ಹತ್ತಿರ ಅವಳು ಇಟ್ಟಲ್ಲೇ ಇತ್ತು. ಅವಳು ಅದನ್ನು ಎಳೆದುಕೊಂಡಳು. ಬಾನೆಟ್ಟು ನಡುವೆ ನಿಂತಿತು.

"ಬರಲಿ," ಎಂದ. ಇಂಜಿನ್ ತಿರುಗಿತು. "ಸಾಕು." ನಿಂತಿತು.

ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ ತಗಡಿಟ್ಟು ಎಳೆದ. ಕೂದಲೂ ಬಂತು, ಬೆಣ್ಣೆಗೂ ಗೊತ್ತಾಯಿತು. ಅದೆಷ್ಟು ಸರಿಯಾಗಿತ್ತೆಂದರೆ ಅವನು ಇನ್ನೊಮ್ಮೆ ಎಳೆದು ನೋಡಿದ, ಕೇಳಿದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳುವವರ ಹಾಗೆ.

"ಸೇತುವೆಯ ಆಚೆಯವರು ಚೆನ್ನಾಗಿ ಮಾಡಿದಾರೆ."

"ಅವರ ಹತ್ರ ಹೋಗಲೇ ಇಲ್ಲ ನಾನು." ಷೂಗಳು ಕದಲಲಿಲ್ಲ. "ನಾನೇ ಮಾಡ್ಕೊಂಡೆ. ಮನೆಯ ಶೆಡ್ಡಿನಲ್ಲಿ. ನೀವೇ ಕಲಿಸಿದ್ರಲ್ಲ."

ಅವನ ಕೈ ತಗಡಿನ ಮೇಲೆ ನಿಂತಿತು.

"ಈಗ ಹೇಳಿದ್ರೆ ತಪ್ಪಿಲ್ಲ ಅನ್ಸುತ್ತೆ," ಎಂದಳು. "ಇನ್ನೆರಡು ವಾರಕ್ಕೆ ನನ್ನ ಮದುವೆ. ಅವರೂ ಡಾಕ್ಟರೇ, ದವಡೆ ಆಪರೇಷನ್ ಮಾಡ್ತಾರೆ. ಬೇರೆ ಊರು. ಒಳ್ಳೆಯವರು, ತುಂಬ ಮಾತಾಡ್ತಾರೆ. ನಿಮ್ಮ ಹತ್ರ ಒಂದು ಕ್ಷಮೆ ಕೇಳೋದಿತ್ತು. ಆಗ ಕೇಳೋಕೆ ನಾಚಿಕೆಯಾಯ್ತು."

"ಏನದು?"

"ಗೊತ್ತಿಲ್ಲದವರ ಹಾಗೆ ಕೇಳ್ಬೇಡಿ. ಆರು ತಿಂಗಳು ಬರಬೇಡಿ ಅಂದ್ರಿ. ಬರೋಕೆ ನನಗೊಂದು ಕಾರಣ ಬೇಕಿತ್ತು. ಟ್ರ್ಯಾಕ್‌ನಿಂದ ಬಂದ ಮೇಲೆ, ಇಲ್ಲಿಗೆ ತರೋ ಮೊದಲು, ಆ ಮೂರನೇದನ್ನ ಒಂದು ಕೂದಲಷ್ಟು ಸಡಿಲ ಮಾಡಿ ನಟ್ ಬಿಗೀತಿದ್ದೆ. ಬಿಗಿ ಯಾವತ್ತೂ ಮಾಡ್ಲಿಲ್ಲ, ಸಡಿಲಾನೇ. ಸದ್ದು ಮಾಡೋದಕ್ಕೆ ಹೆದರಬೇಡಿ ಅಂತ ನೀವೇ ಹೇಳಿದ್ರಲ್ಲ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮತ್ತೆ ಮತ್ತೆ ಅದೇ ಒಂದನ್ನ ನೋಡಿದ್ರೆ ನಿಮಗೆ ಅರ್ಥ ಆಗುತ್ತೆ ಅಂದ್ಕೊಂಡೆ. ನೀವು ಕೈ ಹಿಡಿದು ಕಲಿಸಿದ್ದು ಅದೇ ತಾನೆ."

ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಅಕ್ಕ ಎತ್ತಲಿಲ್ಲ.

"ಅರ್ಥ ಆಯ್ತು ನಿಮಗೆ," ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಗಾಯ ಮಾಗಿದ ಮೇಲೆ ಗುರುತು ತೋರಿಸುವವರ ದನಿ ಅದು. "ಬೇರೆ ಯಾರಾದ್ರೂ ಆಗಿದ್ರೆ ನಕ್ಕು ಊರಿಗೆಲ್ಲ ಹೇಳೋರು. ನೀವು ಮರ್ಯಾದೆಯಿಂದ, ನನಗೆ ನೋವಾಗದ ಹಾಗೆ, ಬೇರೆ ಕಡೆ ಹೋಗಿ ಅಂದ್ರಿ. ಆಗ ಅತ್ತುಬಿಟ್ಟೆ, ಸುಳ್ಳೇಕೆ ಹೇಳ್ಲಿ. ಆಮೇಲೆ ಯೋಚಿಸ್ದೆ. ಇಲ್ಲ ಅನ್ನೋದನ್ನ ಅಷ್ಟು ಮೆಲ್ಲಗೆ ಹೇಳೋರು ಎಲ್ಲಿ ಸಿಗ್ತಾರೆ. ಅದರಿಂದಲೇ ನನಗೆ ಮುಂದೆ ಹೋಗೋಕಾಯ್ತು. ಈಗ ನೆಮ್ಮದಿಯಾಗಿದೀನಿ ಮೇಷ್ಟ್ರೇ. ನಿಜವಾಗ್ಲೂ."

ಬಾನೆಟ್ಟು ನಡುವೆ ನಿಂತಿದ್ದುದು ಒಳ್ಳೆಯದಾಯಿತು. ಅವಳಿಗೆ ಅವನ ಮುಖ ಕಾಣಲಿಲ್ಲ.

ಬಾಯಿ ತೆರೆದ. ಒಂದೇ ಒಂದು ಮಾತು, ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆ ಮಾತು ಹೊರಬಿದ್ದರೆ ಆರು ತಿಂಗಳಲ್ಲಿ ಅವಳು ಕಟ್ಟಿಕೊಂಡದ್ದೆಲ್ಲ ಏನಾಗುತ್ತದೆ? ಅತ್ತದ್ದು, ಮಾಗಿದ್ದು, ನೆಮ್ಮದಿ ಎಂದದ್ದು, ದವಡೆಯ ಆ ಒಳ್ಳೆಯ ಡಾಕ್ಟರು? ತನ್ನ ಹೊರೆ ಇಳಿಸಿಕೊಳ್ಳಲು ಅದನ್ನು ಅವಳ ತಲೆಗೆ ಹೊರಿಸಬಹುದೇ? ಅಥವಾ ಇದೂ ಒಂದು ನೆಪವೇ, ಮಾತಾಡಲಾರದವನು ತನಗೆ ತಾನೇ ಕೊಟ್ಟುಕೊಂಡ ಮರ್ಯಾದೆಯ ಹೆಸರೇ?

"ಬರಲಿ," ಎಂದ.

ಇಂಜಿನ್ ತಿರುಗಿತು. ನಾಲ್ಕನೆಯದೂ ಸರಿಯಾಗಿತ್ತು.

ಕವರ್ ಮುಚ್ಚಿ ಬಾನೆಟ್ಟು ಇಳಿಸಿದಾಗ ಅವಳು ಎದುರಿಗೆ ನಿಂತು ಅವನ ಮುಖವನ್ನೇ ನೋಡಿದಳು. ಡಾಕ್ಟರು ನೋಡುವ ಹಾಗೆ, ಒಂದು ಕಡೆಗೆ ಸ್ವಲ್ಪ ವಾಲಿ.

"ಹಲ್ಲು ಕೀಳಿಸಿಬಿಟ್ರಾ?"

"ಹೂಂ."

"ಯಾರ ಹತ್ರ?"

"ಬೇರೆಯವರ ಹತ್ರ."

"ಅಯ್ಯೋ," ಎಂದಳು ಮೆಲ್ಲಗೆ. "ಉಳಿಸಬಹುದಿತ್ತಲ್ಲ ಅದನ್ನ."

ಅವನು ಜೇಬಿನಿಂದ ಪುಟ್ಟ ಕನ್ನಡಿ ತೆಗೆದು ಮುಂದೆ ಹಿಡಿದ. ಅವಳು ತಲೆಯಾಡಿಸಿ, ಅವನ ಬೆರಳುಗಳನ್ನು ಅದರ ಮೇಲೆ ಮಡಚಿದಳು. ಬೆರಳಿನ ತುದಿ ತುದಿಗೂ ಅವಳ ಕೈ ಗ್ರೀಸಿನ ಮೇಲೂ ತಿಳಿಯಿತು. ಬಿಸಿ ಎಷ್ಟು, ಒತ್ತಿದ್ದು ಎಷ್ಟು, ಬಿಟ್ಟದ್ದು ಯಾವಾಗ. ಆ ಬೆರಳುಗಳಿಗೆ ಏನೂ ಆಗಿರಲಿಲ್ಲ.

"ಹಿಂದಿನ ಸಾಲು ನೋಡೋಕೆ ಬೇಕಾಗುತ್ತೆ, ಇಟ್ಕೊಳ್ಳಿ," ಎಂದಳು.

ಅಕ್ಕನನ್ನು ತಬ್ಬಿಕೊಂಡು, ಕಾರು ಹತ್ತಿದಳು. ಇಂಜಿನ್ ಚಾಲೂ ಆಯಿತು. ಒಂದು ಟಕ್ ಎನ್ನುವ ಸದ್ದೂ ಇರಲಿಲ್ಲ.

ಕಾರು ಗೇಟು ದಾಟುವಾಗ ಅವನ ಎಡಗೈ ಮೇಲೆದ್ದಿತು. ತಾನೇ ಎತ್ತಿದನೋ, ಅದೇ ಎದ್ದಿತೋ. ಅವಳು ಕಾರಿನ ಕನ್ನಡಿಯಲ್ಲಿ ನೋಡಿದಳು. ಅವಳೂ ಕಿಟಕಿಯಿಂದ ಕೈ ಬೀಸಿದಳು, ಬೀಳ್ಕೊಡುವವರಿಗೆ ಬೀಸುವ ಹಾಗೆ. ಕಾರು ರಸ್ತೆಗೆ ಇಳಿದು ತಿರುಗಿತು.

"ಈಗಲಾದ್ರೂ ಹೇಳಿದೆಯೇನೋ?" ಅಕ್ಕ ಕೇಳಿದಳು, ಹಿಂದಿನಿಂದ.

ಅವನು ಸ್ಟೂಲನ್ನು ಒರೆಸಿ ಗೋಡೆಯ ಹತ್ತಿರ ಇಟ್ಟ.

ಅವಳು ಸಡಿಲ ಮಾಡುತ್ತಿದ್ದಾಳೆಂದು ತನಗೆ ಗೊತ್ತಿರಲಿಲ್ಲ, ತನ್ನ ಕೈಯೇ ಕೆಟ್ಟಿದೆ ಎಂದು ಹೆದರಿ ಅವಳನ್ನು ಕಳಿಸಿದೆ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.